ಹೋಗೋ ಚಂದ್ರನಿಗೆ ಒಂದು ಎಳೆ

ನನ್ನ ಕ್ಯಾಮೆರಾದ ಪಟ್ಟಿಗೆ ಒಂದು ಹಸಿರು ನೂಲಿನ ಎಳೆ ಸುತ್ತಿಕೊಂಡಿದೆ. ಗೇಣುದ್ದ ಇರಬಹುದು. ರೇಷ್ಮೆಯೂ ಅಲ್ಲ, ಜರಿಯೂ ಅಲ್ಲ. ಕ್ಯಾಮೆರಾ ನೋಡಲು ಕೈಗೆತ್ತಿಕೊಂಡವರೆಲ್ಲ ಮೊದಲು ಮಾಡುವ ಕೆಲಸ ಆ ಎಳೆಯನ್ನು ಕಿತ್ತುಹಾಕಲು ಹೋಗುವುದು. "ಮೇಡಂ, ಏನೋ ದಾರ ಸಿಕ್ಕಾಕೊಂಡಿದೆ" ಅನ್ನುತ್ತಾರೆ, ಉಪಕಾರ ಮಾಡುವವರ ಧಾಟಿಯಲ್ಲಿ. ನಾನು ಅವರ ಕೈ ಹಿಡಿದು ನಿಲ್ಲಿಸುತ್ತೇನೆ. ಯಾಕೆ ಎಂದು ಕೇಳಿದವರಿಗೆ ಕಥೆ ಹೇಳುತ್ತೇನೆ. ಕೇಳದವರಿಗೂ ಹೇಳುತ್ತೇನೆ. ಇಪ್ಪತ್ತೊಂಬತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು. ಎದುರಿಗಿದ್ದವರು ಕೇಳಿದರೆ ಮಾತ್ರ ಹೇಳಬೇಕು ಎಂಬ ಅಭ್ಯಾಸ ನನಗಿಲ್ಲ. ಈಗ ನೀವು ಸಿಕ್ಕಿಬಿದ್ದಿದ್ದೀರಿ, ಕೂತುಕೊಳ್ಳಿ.

ನಮ್ಮ ಕಡೆ ಬಿದಿಗೆ ಚಂದ್ರನನ್ನು ಕಂಡರೆ ಉಟ್ಟ ಬಟ್ಟೆಯಿಂದ ಒಂದು ಎಳೆ ಕಿತ್ತು ಅವನ ಕಡೆಗೆ ಹಾಕುವುದುಂಟು. ಅಮಾವಾಸ್ಯೆ ಕಳೆದ ಮೇಲೆ, ಹೊತ್ತು ಮುಳುಗಿದ ಪಡುವಣದಲ್ಲಿ ಒಂದಿಷ್ಟು ಹೊತ್ತು ಕಾಣಿಸಿಕೊಂಡು ಹೋಗುವ ಸಣ್ಣ ಚಂದ್ರ ಅವನು. ಹಳೇ ನೂಲು ತಕ್ಕೊ, ಹೊಸ ಬಟ್ಟೆ ಕೊಡು ಎಂದು ಅವನಿಗೂ ನಮಗೂ ಒಪ್ಪಂದ. ಕಿರುಗಾವಲಿನ ನಮ್ಮ ಸೋದರತ್ತೆ ಪುಟ್ಟತಾಯಮ್ಮ ಈ ಒಪ್ಪಂದವನ್ನು ಒಂದು ತಿಂಗಳೂ ತಪ್ಪಿಸಿದವಳಲ್ಲ. ಹಟ್ಟಿಯ ಮುಂದೆ ನಿಂತು "ಬಂದ್ಯೇನಪ್ಪಾ" ಎಂದು ಮನೆಗೆ ಬಂದ ನೆಂಟನನ್ನು ಮಾತಾಡಿಸುವ ಹಾಗೆ ಮಾತಾಡಿಸಿ, ಸೆರಗಿನ ತುದಿಯಿಂದ ಒಂದೆಳೆ ಎಳೆದು ಗಾಳಿಗೆ ಬಿಡುತ್ತಿದ್ದಳು. ಅವಳ ಒಂದು ಸೀರೆಗೂ ಸೆರಗಿನ ಅಂಚು ನೆಟ್ಟಗಿರಲಿಲ್ಲ. ನಮ್ಮಪ್ಪ ಪೂರಿಗಾಲಿಯಿಂದ ತಂಗಿಯನ್ನು ನೋಡಲು ಹೋದಾಗಲೆಲ್ಲ ಆ ಸೆರಗು ಹಿಡಿದು, "ಇನ್ನೊಂದೆರಡು ವರ್ಸ ಬುಟ್ರೆ ಇದು ಟವಲ್ಲಾಯ್ತದೆ ಕಣವ್ವ" ಅನ್ನುತ್ತಿದ್ದರು.

ನನಗೆ ಎಂಟು ವರ್ಷವಿದ್ದಾಗ ದೀಪಾವಳಿಗೆ ಅತ್ತೆಯ ಮನೆಗೆ ಹೋಗಿದ್ದೆ. ನರಕ ಚತುರ್ದಶಿಯ ಬೆಳಗಿನ ಜಾವ ಎಬ್ಬಿಸಿ, ನೆತ್ತಿಗೆ ಎಣ್ಣೆ ತಟ್ಟಿ, ಹಂಡೆಯ ನೀರನ್ನು ಮೈ ಕೆಂಪಗಾಗುವಂತೆ ಹುಯ್ದು, ಹೊಸ ಕೆಂಪು ಫ್ರಾಕು ತೊಡಿಸಿ ಹೊರಗೆ ಬಿಟ್ಟರು. ಇನ್ನೂ ಕತ್ತಲು. ಸೀಗೆಪುಡಿ ಕಣ್ಣಿಗೆ ಹೋಗಿ ಉರಿಯುತ್ತಿತ್ತು. ಆ ಉರಿಗಣ್ಣಿನಲ್ಲೇ ಮೂಡಲಿಗೆ ನೋಡುತ್ತೇನೆ, ತೆಂಗಿನಮರದ ಪಕ್ಕ ಸಣ್ಣ ಚಂದ್ರ! ಮೈಮೇಲೆ ಹೊಸ ಫ್ರಾಕಿದೆ, ಇನ್ನೊಂದು ಸಿಗುವುದಾದರೆ ಯಾಕೆ ಬೇಡ ಎಂಬ ದುರಾಸೆ ನನಗೆ. ಫ್ರಾಕಿನ ಅಂಚಿನಲ್ಲಿ ಒಂದು ಎಳೆ ಹುಡುಕಿ ಎಳೆದೆ. ಅದು ಬಂತು. ಬರುತ್ತಲೇ ಇತ್ತು. ಅದು ಸರಪಣಿ ಹೊಲಿಗೆಯಂತೆ, ಒಂದು ತುದಿ ಎಳೆದರೆ ಪೂರ್ತಿ ಬಿಚ್ಚಿಕೊಳ್ಳುತ್ತದಂತೆ, ಆಗ ನನಗೆ ಯಾರೂ ಹೇಳಿರಲಿಲ್ಲ. ನಾನು ಒಂದು ಮೊಳ ನೂಲನ್ನು ಚಂದ್ರನ ಕಡೆ ಎಸೆದು ತಿರುಗಿದಾಗ ಫ್ರಾಕಿನ ಅಂಚು ಬಿಚ್ಚಿಕೊಂಡು ಮೊಣಕಾಲಿನ ಕೆಳಗೆ ಜೋಲುತ್ತಿತ್ತು.

ಅತ್ತೆ ಬಾಗಿಲಲ್ಲಿ ನಿಂತಿದ್ದಳು. "ಎಕ್ಕುಟ್ಟೋಯ್ತಲ್ಲೇ ಹೊಸ ಬಟ್ಟೆ!" ಎಂದು ಕೂಗಿ ಆಮೇಲೆ ಚಂದ್ರನನ್ನು ನೋಡಿ ಹಣೆ ಚಚ್ಚಿಕೊಂಡಳು. "ಅಯ್ಯೋ, ಇವ್ನು ಓಗೋ ಚಂದ್ರ ಕಣಮ್ಮಿ! ನಾಳಿಕ್ಕೆ ಅಮಾಸೆ. ಬರೋನಿಗೆ ಕೊಟ್ರೆ ಗ್ಯಾಪಕ ಇಟ್ಕೊಂಡು ತಂದ್ಕೊಡ್ತನೆ. ಓಗೋನಿಗೆ ಕೊಟ್ರೆ ಎತ್ಕೊಂಡು ಓಯ್ತನೆ, ಅಷ್ಟೇಯ. ವಾಪಸ್ ಕೊಡಕಿಲ್ಲ."

ಅಲ್ಲಿಗೆ ನನ್ನ ಹಣೆಬರಹ ತೀರ್ಮಾನವಾಯಿತು. ಮದುವೆಯ ದಿನ ಧಾರೆ ಸೀರೆಗೆ ಸಾರು ಚೆಲ್ಲಿದಾಗ, ಬಸ್ಸಿನ ಮೊಳೆಗೆ ಸಿಕ್ಕಿ ಹೊಸ ಸೆರಗು ಹರಿದಾಗ, ಮಳವಳ್ಳಿಯ ಸ್ಕೂಲಿನಲ್ಲಿ ಸೀಮೆಸುಣ್ಣದ ಪುಡಿಯಿಂದ ನನ್ನ ಕಪ್ಪು ಸೀರೆಗಳೆಲ್ಲ ಬೂದುಬಣ್ಣಕ್ಕೆ ತಿರುಗಿದಾಗ ಅತ್ತೆ ಹೇಳುತ್ತಿದ್ದುದು ಒಂದೇ ಮಾತು: "ಇನ್ನೇನಾದದು? ಓಗೋ ಚಂದ್ರಂಗೆ ನೂಲ್ ಕೊಟ್ಟೋಳು."

ಅವಳಿಗೆ ಹೋಗುವ ಚಂದ್ರ ಯಾವುದು, ಬರುವ ಚಂದ್ರ ಯಾವುದು ಎಂಬುದು ಕಣ್ಣು ಹಾಯಿಸಿದ ಕೂಡಲೇ ಗೊತ್ತಾಗುತ್ತಿತ್ತು. "ಬರೋನು ಬಲಗಡೀಕೆ ಒರಗಿರ್ತನೆ, ಓಗೋನು ಎಡಗಡೀಕೆ" ಎಂದು ಹೇಳಿಕೊಟ್ಟವಳೇ ಅವಳು. ಅದನ್ನೇ ನಾನು ಇಪ್ಪತ್ತೊಂಬತ್ತು ವರ್ಷ ಕಪ್ಪುಹಲಗೆಯ ಮೇಲೆ ಸೂರ್ಯ, ಭೂಮಿ, ಬಾಣದ ಗುರುತು ಎಲ್ಲ ಹಾಕಿ ಪಾಠ ಮಾಡಿದೆ. ಯಾರಿಂದ ಕಲಿತೆ ಎಂದು ಒಂದು ದಿನವೂ ಮಕ್ಕಳಿಗೆ ಹೇಳಲಿಲ್ಲ. ಒಮ್ಮೆ ಊರಿನವರು ಪೌರಾಣಿಕ ನಾಟಕ ಆಡಿದಾಗ ಸಂಜೆಯ ಉದ್ಯಾನದ ದೃಶ್ಯಕ್ಕೆ ಹೊಸ ಪರದೆ ಬಿಟ್ಟರು. ಹಾರ್ಮೋನಿಯಂ ಶುರುವಾಗಬೇಕು, ಹೆಂಗಸರ ಗುಂಪಿನಿಂದ ಅತ್ತೆಯ ದನಿ ಎದ್ದಿತು: "ಏಯ್, ಬೆಳಿಗ್ಗೆ ಚಂದ್ರನ್ನ ತಂದು ಸಂದ್ಯಾಕೆ ನೇತಾಕಿದ್ದೀರಲ್ರೋ! ತಿರುಗ್ಸಿ ಆಕ್ರೋ!" ನಾಯಕಿಯ ಪಾತ್ರಧಾರಿ ನಗು ತಡೆಯಲಾಗದೆ ಬೆನ್ನು ತಿರುಗಿಸಿ ನಿಂತಳು. ಪರದೆ ಬರೆದವನು ಮರುದಿನ ಏಣಿ ಹಾಕಿ ಚಂದ್ರನನ್ನು ತಿದ್ದಿದ.

ಇಂಥ ಅತ್ತೆ ಈ ವರ್ಷದ ಯುಗಾದಿಯಲ್ಲಿ ಏನು ಮಾಡಿದಳೆಂದರೆ, ಮಾಳಿಗೆಯ ಮೇಲೆ ನಾವೆಲ್ಲ ಚಂದ್ರದರ್ಶನಕ್ಕೆ ನಿಂತಿದ್ದಾಗ, ಚಂದ್ರನಿದ್ದ ದಿಕ್ಕು ಬಿಟ್ಟು ಮೊಬೈಲ್ ಟವರಿನ ತುದಿಯ ದೀಪಕ್ಕೆ ಕೈ ಮುಗಿದಳು. ಸೆರಗಿನಿಂದ ಎಳೆ ಕಿತ್ತು ಅತ್ತಲೇ ಹಾಕಿದಳು.

"ಅತ್ತೆ, ಅಲ್ಲಲ್ಲ, ಇತ್ತಗೆ" ಅಂದೆ.

"ನಂಗೊತ್ತು ಬುಡು. ಟವರ್ಗೂ ಒಂದು ಆಕ್ದೆ. ಅದೂ ಹಗ್ಲೂ ರಾತ್ರಿ ಎದ್ದಿರ್ತದೆ, ಪಾಪ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅವಳ ಮಗ ರಾಜು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ. ರಾಜು ನನಗಿಂತ ಹತ್ತು ವರ್ಷ ಚಿಕ್ಕವನು, ಊರಾಚೆ ಆಲೆಮನೆ ನಡೆಸುತ್ತಾನೆ. "ಅವ್ವಂಗೆ ಎರಡು ಕಣ್ಗೂ ಪೊರೆ ಬಂದದೆ ಅತ್ಗೆ. ಆಪ್ರೇಸನ್ ಮಾಡಿಸ್ಕ ಅಂದ್ರೆ ಕೇಳಕಿಲ್ಲ. ಇನ್ನೂ ಬಲೀಲಿ ಅಂತ ಬುಟ್ರೆ ಕಷ್ಟ ಆಯ್ತದೆ ಅಂದವ್ರೆ ಡಾಕ್ಟ್ರು. ಮೊನ್ನೆ ಬಚ್ಚಲ ಕಲ್ಲು ಎಡವಿ ಬಿದ್ಲು. ಬೀಳ್ಲಿಲ್ಲ, ಕೂತ್ಕೊಂಡೆ ಅಂತಳೆ."

ನಾನು ಅವತ್ತೇ ಅತ್ತೆಯ ಪಕ್ಕ ಕೂತು ಪಾಠ ಶುರು ಮಾಡಿದೆ. ಕಣ್ಣೊಳಗೆ ಒಂದು ಮಸೂರವಿರುತ್ತದೆ, ಅದು ಮಂಜಾಗುತ್ತದೆ, ತೆಗೆದು ಹೊಸದು ಹಾಕುತ್ತಾರೆ, ನೋವೇ ಆಗುವುದಿಲ್ಲ. ಅವಳು ಅಡಿಕೆ ಕತ್ತರಿಸುತ್ತ ಪೂರ್ತಿ ಕೇಳಿಸಿಕೊಂಡು, "ಕಣ್ಣೊಳಕ್ಕೆ ಕತ್ರಿ ಆಕ್ಸ್ಕಳಕ್ಕೆ ನಾನೇನು ರವಕೆ ಬಟ್ಟೆಯಾ?" ಅಂದಳು. ನಾನು ಬಿಡಲಿಲ್ಲ. ಕೊನೆಗೆ ಅವಳೇ ಪಂಥ ಕಟ್ಟಿದಳು. "ನೋಡು ಜಯ, ಓಗೋ ಚಂದ್ರ ಯಾವ್ದು ಬರೋ ಚಂದ್ರ ಯಾವ್ದು ಅಂತ ಯಾವತ್ತು ನಂಗೆ ಗೊತ್ತಾಗಕಿಲ್ವೋ, ಆವತ್ತು ನೀನೇ ಕರ್ಕೊಂಡೋಗು. ಒಂದ್ ಮಾತೂ ಆಡಕಿಲ್ಲ. ಅಲ್ಲೀಗಂಟ ನನ್ ಕಣ್ಣಿನ ಸುದ್ದಿ ಎತ್ಬೇಡ."

ಆಕಾಶದ ಚಂದ್ರನನ್ನು ತೋರಿಸಿ ಕೇಳುವ ಹಾಗಿಲ್ಲ. ಸಂಜೆಯಾದರೆ ಬರುವವನು, ಬೆಳಗಾದರೆ ಹೋಗುವವನು, ಕಣ್ಣು ಮುಚ್ಚಿಕೊಂಡೂ ಹೇಳಬಹುದು. ಹಾಗಾಗಿ ಚಿತ್ರ ಬೇಕು. ಚಿತ್ರದಲ್ಲಿ ಹೊತ್ತು ಯಾವುದೆಂದು ಗೊತ್ತಾಗದು, ಚಂದ್ರನನ್ನು ನೋಡಿಯೇ ಹೇಳಬೇಕು. ನಿವೃತ್ತಿಯಾದ ಮೇಲೆ ಒಂದು ಕ್ಯಾಮೆರಾ ಕೊಂಡು ಮಂಡ್ಯದ ಗುಬ್ಬಿ, ಮೈನಾಗಳಿಗೆಲ್ಲ ಕಾಟ ಕೊಡುತ್ತಿದ್ದ ನನಗೆ ಇದು ನೀರು ಕುಡಿದಷ್ಟು ಸುಲಭ ಅನ್ನಿಸಿತು. "ಬರೋ ಅಮಾವಾಸ್ಯೆಗೆ ಮುಗಿಸಿಬಿಡ್ತೀನಿ" ಎಂದು ರಾಜುವಿಗೆ ಹೇಳಿ ಬಂದೆ.

ಮೂರು ಅಮಾವಾಸ್ಯೆ ಹೋದವು.

ಅಮಾವಾಸ್ಯೆಯ ಹಿಂದಿನ ಬೆಳಗಿನ ಚಂದ್ರ ತಿಂಗಳಿಗೆ ಒಂದೇ ದಿನ ಸಿಗುತ್ತಾನೆ. ಸೂರ್ಯ ಹುಟ್ಟುವುದಕ್ಕೆ ಒಂದು ಗಂಟೆ ಮುಂಚೆ ಬಂದು, ಬೆಳಕು ಹರಿಯುತ್ತಿದ್ದ ಹಾಗೆ ಕರಗಿಹೋಗುತ್ತಾನೆ. ಮೊದಲ ಸಲ ಮಂಡ್ಯದ ನಮ್ಮ ಮನೆಯ ಮಾಳಿಗೆಯಿಂದಲೇ ಹಿಡಿಯುತ್ತೇನೆಂದು ನಿಂತೆ. ಅವನು ಸರಿಯಾಗಿ ಪಕ್ಕದ ಮನೆಯ ನೀರಿನ ಟ್ಯಾಂಕಿನ ಹಿಂದೆ ಹುಟ್ಟಿ, ಟ್ಯಾಂಕಿನ ಹಿಂದೆಯೇ ಮೇಲೇರಿ, ಅಲ್ಲೇ ಕರಗಿದ. ನನ್ನ ಬಳಿ ಆ ಟ್ಯಾಂಕಿನ ಒಂಬತ್ತು ಚಿತ್ರಗಳಿವೆ. ಬೇಕಾದವರು ಕೇಳಬಹುದು.

ಎರಡನೆಯದು ಮದ್ದೂರು. ಮದ್ದೂರು ಎಂದರೆ ನಿಮಗೆಲ್ಲ ವಡೆ ನೆನಪಾದೀತು, ನನಗೆ ಮಾತ್ರ ಅವಮಾನ. ಅಲ್ಲಿ ನನ್ನ ತಂಗಿಯ ಮನೆಯಿದೆ. ಹಿಂದಿನ ದಿನವೇ ಹೋಗಿ ಉಳಿದು, ನಸುಕಿನಲ್ಲೆದ್ದು ಊರಾಚೆಯ ಗದ್ದೆಯ ಬದುವಿನ ಮೇಲೆ ಮೂರುಕಾಲಿನ ಸ್ಟ್ಯಾಂಡು ನಿಲ್ಲಿಸಿದೆ. ಅದರ ಮೇಲೆ ಕ್ಯಾಮೆರಾ. ನಸುಕಿನ ಗಾಳಿಗೆಂದು ತಲೆಗೆ ಟೋಪಿ. ಡೇರಿಗೆ ಹಾಲು ಹಾಕಲು ಕ್ಯಾನು ಹಿಡಿದು ಹೋಗುತ್ತಿದ್ದ ಇಬ್ಬರು ಹೆಂಗಸರು ನಿಂತರು. ನೋಡಿದರು. ಒಬ್ಬಳು ಬಂದ ದಾರಿಯಲ್ಲೇ ವಾಪಸು ಓಡಿದಳು. ಐದು ನಿಮಿಷದಲ್ಲಿ ಹೆಗಲಿಗೆ ಟವಲು ಹಾಕಿಕೊಂಡ ಒಬ್ಬ ಹಿರಿಯರು, ಅವರ ಹಿಂದೆ ಏಳೆಂಟು ಜನ.

"ಯಾವ ಇಲಾಕೆಯವರವ್ವಾ?" ಎಂದರು ಹಿರಿಯರು.

"ಇಲಾಖೆ ಅಲ್ಲ, ನಾನು ಚಂದ್ರನ ಫೋಟೋ ತೆಗೀತಾ ಇದ್ದೀನಿ."

"ಎಲ್ರೂ ಇಂಗೇ ಯೋಳದು. ಆಚೆ ವರ್ಸ ಬಂದೋರು ಅಕ್ಕಿ-ಪಕ್ಸಿ ಪೋಟೊ ತೆಗೀತೀವಿ ಅಂದ್ರು, ಆಮೇಲೆ ಕಲ್ಲು ನೆಟ್ರು. ನಮ್ದು ಎಷ್ಟು ಗುಂಟೆ ಓಯ್ತದೆ ರೋಡ್ಗೆ, ಅದ್ ಯೋಳಿ."

"ಅಯ್ಯೋ, ರೋಡಲ್ಲ ಯಜಮಾನ್ರೇ! ನೋಡಿ, ಅಲ್ಲಿದ್ದಾನೆ ಚಂದ್ರ."

"ಚಂದ್ರನ ಅಳ್ಯಕ್ಕೆ ನಮ್ಮ ಗದ್ದೆ ಬದ ಯಾಕವ್ವಾ?"

ಕ್ಯಾಮೆರಾ ಬಿಚ್ಚಿ, ಗುಬ್ಬಿಗಳ ಚಿತ್ರ, ನೀರಿನ ಟ್ಯಾಂಕಿನ ಚಿತ್ರ ಎಲ್ಲ ತೋರಿಸಿ ನಾನು ಸರ್ವೇಯವಳಲ್ಲ ಎಂದು ನಂಬಿಸುವ ಹೊತ್ತಿಗೆ ಬಿಸಿಲು ಬಂದಿತ್ತು. ನಂಬಿದ ಮೇಲೆ ಅವರೇ ಕರೆದು ಕಾಫಿ ಕೊಟ್ಟರು. ಕುಡಿಯುತ್ತಿದ್ದಾಗ ಹಿರಿಯರು ಮೆಲ್ಲಗೆ, "ಆದ್ರೂ ಆಪೀಸಲ್ಲಿ ಯಾರಾನ ಗೊತ್ತಿದ್ರೆ ನಮ್ಮ ಗದ್ದೆ ಬುಡಕ್ಕೆ ಯೋಳಿ" ಅಂದರು. ಮೂರನೆಯ ತಿಂಗಳಿನಲ್ಲಿ ಕ್ಯಾಮೆರಾ, ಸ್ಟ್ಯಾಂಡು, ಟೋಪಿ, ಫ್ಲಾಸ್ಕು ಎಲ್ಲ ತೆಗೆದುಕೊಂಡು ಹೋಗಿದ್ದೆ. ಮೆಮೊರಿ ಕಾರ್ಡು ಮನೆಯ ಕಂಪ್ಯೂಟರಿನಲ್ಲಿ ಉಳಿದಿತ್ತು.

ಭೀಮನ ಅಮಾವಾಸ್ಯೆಯ ಹಿಂದಿನ ದಿನ ಕಿರುಗಾವಲಿಗೇ ಹೋಗುವುದೆಂದು ತೀರ್ಮಾನಿಸಿದೆ. ರಾಜುವಿನ ಆಲೆಮನೆಯ ಬಳಿ ನಾಲೆ ಏರಿ ಇದೆ, ಮೂಡಲಿಗೆ ಒಂದು ಮರವೂ ಅಡ್ಡವಿಲ್ಲ. ನಸುಕಿನಲ್ಲಿ ಸ್ಕೂಟಿ ಹತ್ತಿದೆ. ಅತ್ತೆಗೆ ಸುಳಿವು ಸಿಗಬಾರದೆಂದು ಊರೊಳಗೆ ಹೋಗದೆ ಸುತ್ತು ಹಾಕಿ ಆಲೆಮನೆಗೆ ಬಂದೆ. ಒಲೆ ಉರಿಯುತ್ತಿತ್ತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ರಾಜು ಒಂದು ಲೋಟ ಹಾಲು ಕೊಟ್ಟು, "ಅವ್ವಂಗೆ ಯೋಳಕಿಲ್ಲ ಬುಡಿ ಅತ್ಗೆ. ಆದ್ರೆ ಅವ್ವ ಯಾರೂ ಯೋಳ್ದೇನೇ ತಿಳ್ಕತಳೆ" ಅಂದ.

ಏರಿಯ ಮೇಲೆ ನಿಂತಾಗ ಮೂಡಲೆಲ್ಲ ಮೋಡ. ಆಷಾಢದ ಮೋಡ, ದಪ್ಪಗೆ, ಕಪ್ಪಗೆ. ನಾಲ್ಕನೇ ಸಲವೂ ಹೋಯಿತು ಎಂದುಕೊಂಡೆ. ಐದು ಗಂಟೆ ದಾಟಿತು. ಆಗ ಆ ದಪ್ಪ ಮೋಡಗಳಿಗಿಂತ ಎಷ್ಟೋ ಮೇಲೆ, ತೆಳ್ಳಗೆ ಹರಡಿದ್ದ ಮೋಡದ ಪದರಗಳು ಇದ್ದಕ್ಕಿದ್ದ ಹಾಗೆ ಬೆಳಗತೊಡಗಿದವು. ಮೊದಲು ಬೂದಿ ಮುಚ್ಚಿದ ಕೆಂಡದ ಬಣ್ಣ, ಆಮೇಲೆ ಬೆಳ್ಳಿಯ ಬಣ್ಣ. ಅಷ್ಟು ಎತ್ತರಕ್ಕೆ ಸೂರ್ಯನ ಬೆಳಕು ಮುಂಚೆ ತಲುಪುತ್ತದೆ ಎಂದು ನಾನೇ ಪಾಠ ಮಾಡಿದ್ದೇನೆ. ಪಾಠ ಮಾಡುವಾಗ ಅದು ಇಷ್ಟು ಚೆನ್ನಾಗಿರುತ್ತದೆ ಎಂದು ಗೊತ್ತಿರಲಿಲ್ಲ. ನೆಲದಲ್ಲಿ ಇನ್ನೂ ರಾತ್ರಿ. ನನ್ನ ಕೈ ನನಗೆ ಕಾಣುತ್ತಿಲ್ಲ, ಕಬ್ಬಿನ ಗದ್ದೆ ಕಪ್ಪಗಿದೆ, ಮೋಡಕ್ಕೆ ಮಾತ್ರ ಬೆಳಗಾಗಿದೆ. ಚಂದ್ರನಿಲ್ಲದಿದ್ದರೂ ಇರಲಿ ಎಂದು ಅದರದ್ದೇ ಒಂದು ಚಿತ್ರ ತೆಗೆದೆ.

ಆಮೇಲೆ ಕೆಳಗಿನ ದಪ್ಪ ಮೋಡ ಒಂದು ಕಡೆ ಸರಿಯಿತು. ಆ ಸಂದಿಯಲ್ಲಿ ಅವನಿದ್ದ. ಸವೆದು ಸವೆದು ಒಂದು ಗೆರೆಯಷ್ಟೇ ಉಳಿದಿದ್ದ, ಎಡಕ್ಕೆ ಒರಗಿದ್ದ. ಹನ್ನೊಂದು ಚಿತ್ರ ತೆಗೆದೆ. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ನನಗೆ ಅತ್ತೆಯೂ ನೆನಪಿರಲಿಲ್ಲ, ಅವಳ ಪೊರೆಯೂ ನೆನಪಿರಲಿಲ್ಲ. ಈ ಜಿಲ್ಲೆಯಲ್ಲಿ ನನ್ನಂಥ ಫೋಟೋಗ್ರಾಫರ್ ಇಲ್ಲ ಎಂಬುದೊಂದೇ ನೆನಪಿತ್ತು.

ಮಂಡ್ಯದ ಸ್ಟುಡಿಯೋದಲ್ಲಿ ಎರಡು ಚಿತ್ರಗಳನ್ನು ದೊಡ್ಡದಾಗಿ ಪ್ರಿಂಟು ಹಾಕಿಸಿದೆ. ಚಂದ್ರನಿರುವುದು ಅತ್ತೆಗೆ, ಬರೀ ಮೋಡದ್ದು ನನಗೆ. ಸ್ಟುಡಿಯೋದವರು ತುಂಬ ಉಪಕಾರಬುದ್ಧಿಯವರು. "ಮೇಡಂ, ಚಂದ್ರ ತುಂಬ ಸಣ್ಣ ಆಗೋಗವ್ನೆ, ಒಂಚೂರು ದಪ್ಪ ಮಾಡ್ಕೊಡ್ಲಾ?" ಎಂದು ಕೇಳಿದರು. ಬೇಡವೆಂದೆ. "ಇನ್ನೊಂದ್ರಲ್ಲಿ ಚಂದ್ರನೇ ಇಲ್ಲ. ಇದರಿಂದ ಎತ್ತಿ ಅದಕ್ಕೆ ಕೂರಿಸ್ಲಾ? ಗೊತ್ತೇ ಆಗಲ್ಲ." ನನಗೆ ಸಿಟ್ಟು ಬಂತು. ಇಲ್ಲದ ಚಂದ್ರನನ್ನು ಇದ್ದಾನೆ ಎನ್ನುವುದು ಸುಳ್ಳು ಎಂದು ಅಲ್ಲೇ ನಿಂತು ಕಾಲು ಗಂಟೆ ಪಾಠ ಮಾಡಿದೆ. ಅವರು ಎರಡನ್ನೂ ಒಂದೇ ಕವರಿಗೆ ಹಾಕಿ ಕೊಟ್ಟು ಕಳಿಸಿದರು.

ಶ್ರಾವಣದ ಒಂದು ಮಧ್ಯಾಹ್ನ ಕವರು ಹಿಡಿದು ಅತ್ತೆಯ ಮುಂದೆ ಕೂತೆ. ರಾಜು ಬಾಗಿಲಿಗೆ ಒರಗಿ ನಿಂತಿದ್ದ. ಅವನ ಹೆಂಡತಿ ಮಂಜುಳ ಅಡುಗೆಮನೆಯ ಹೊಸಿಲಲ್ಲಿ ಕಾಫಿ ಲೋಟಗಳನ್ನು ಹಿಡಿದು ನಿಂತಿದ್ದಳು. "ಅತ್ತೆ, ನೀನೇ ಕಟ್ಟಿದ ಪಂಥ. ಇದರಲ್ಲಿರೋದು ಯಾವ ಚಂದ್ರ, ಹೇಳು" ಎಂದು ಕವರಿನಿಂದ ಚಿತ್ರ ತೆಗೆದು, ಕೋರ್ಟಿನಲ್ಲಿ ಸಾಕ್ಷಿ ಒಪ್ಪಿಸುವವಳ ಗತ್ತಿನಲ್ಲಿ ಅವಳ ಕೈಗಿಟ್ಟೆ.

ಅತ್ತೆ ಚಿತ್ರವನ್ನು ಬೆಳಕಿಗೆ ಹಿಡಿದಳು. ಹತ್ತಿರ ತಂದಳು, ದೂರ ಒಯ್ದಳು. ಆಮೇಲೆ ಬಹಳ ಪ್ರೀತಿಯಿಂದ, "ಓಗೋ ಚಂದ್ರ" ಅಂದಳು. "ಅಯ್ಯೋ ಪಾಪ, ಎಷ್ಟು ಸಣ್ಣಗಾಗವ್ನೆ ನೋಡು. ಕತ್ರಿಸಿ ಬಿಸಾಕಿದ ಉಗುರ್ನಂಗೆ ಅವ್ನೆ."

ರಾಜು ಸೋತವನ ಹಾಗೆ ತಲೆ ಕೆರೆದುಕೊಂಡ. ಮಂಜುಳ ನಗುತ್ತ, "ನೋಡಿದ್ರಾ ಅಕ್ಕ? ನಮ್ಮತ್ತೆ ಕಣ್ಣು ನಮ್ಮೆಲ್ರಿಗಿಂತ ಚೆನ್ನಾಗದೆ" ಅಂದಳು. ನಾಲ್ಕು ತಿಂಗಳ ನನ್ನ ದುಡಿಮೆ ಮಣ್ಣುಪಾಲಾಯಿತಲ್ಲ ಎಂದು ನಾನು ಕವರನ್ನು ಮಡಿಲಿಗೆಳೆದುಕೊಂಡೆ. ಒಳಗೆ ಇನ್ನೊಂದು ಚಿತ್ರವಿತ್ತು. ಅರ್ಧ ಹೊರಗೆ ಬಂತು. ತೋಳು ಚಾಚಿ ದೂರ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದೆ. ಅದರಲ್ಲಿ ಚಂದ್ರನಿದ್ದ.

ನನ್ನ ಕನ್ನಡಕ ಚೀಲದಲ್ಲೇ ಉಳಿದಿತ್ತು. ಅತ್ತೆಯ ಕಣ್ಣು ಪರೀಕ್ಷೆ ಮಾಡಲು ಬಂದ ನಾನು ಕನ್ನಡಕ ಹಾಕಿಕೊಳ್ಳದೆ, ಗತ್ತಿನಲ್ಲಿ ಬರೀ ಮೋಡದ ಚಿತ್ರವನ್ನು ಅವಳ ಕೈಗೆ ಕೊಟ್ಟಿದ್ದೆ. ಅದರಲ್ಲಿ ಚಂದ್ರನೇ ಇರಲಿಲ್ಲ.

ಬಾಯಿ ತೆರೆದೆ. ಗೆದ್ದಿದ್ದೇನೆ, ಹೇಳಬೇಕಷ್ಟೆ. ಅತ್ತೆ ಇನ್ನೂ ಆ ಚಿತ್ರವನ್ನು ಹಿಡಿದುಕೊಂಡು, ಮೋಡದ ಯಾವುದೋ ಒಂದು ಮೂಲೆಯನ್ನು ಹೆಬ್ಬೆರಳಿನಿಂದ ಸವರುತ್ತಿದ್ದಳು. ತುಂಬಿದ ನಾಟಕದಲ್ಲಿ ಚಂದ್ರನನ್ನು ತಿರುಗಿಸಿ ಹಾಕಿ ಎಂದು ಕೂಗಿದವಳು. ಮಂಜುಳ ಹೆಮ್ಮೆಯಿಂದ ಅವಳನ್ನೇ ನೋಡುತ್ತಿದ್ದಳು. ಇಪ್ಪತ್ತೊಂಬತ್ತು ವರ್ಷದಲ್ಲಿ ಒಬ್ಬ ಹುಡುಗನ ತಪ್ಪನ್ನೂ ತಿದ್ದದೆ ಬಿಟ್ಟವಳಲ್ಲ ನಾನು. ಅವತ್ತು ಬಿಟ್ಟೆ. "ಗೆದ್ದೆ ಬಿಡು ಅತ್ತೆ" ಎಂದು ಚಿತ್ರ ತೆಗೆದುಕೊಂಡು ಕವರಿಗೆ ಹಾಕಿದೆ.

ಸಂಜೆ ಹೊರಟಾಗ ಅತ್ತೆ ಗೇಟಿನವರೆಗೆ ಬಂದಳು. ಗೋಡೆ ಸವರಿಕೊಂಡು ಬಂದಳು, ಮೆಟ್ಟಿಲನ್ನು ಕಾಲಿನಲ್ಲಿ ಹುಡುಕಿ ಇಳಿದಳು. ಅದನ್ನೆಲ್ಲ ನಾನು ಅಲ್ಲಿಯತನಕ ಗಮನಿಸಿರಲಿಲ್ಲ. ಸ್ಕೂಟಿಯ ಹಿಡಿಯನ್ನು ಹಿಡಿದುಕೊಂಡು ಮೆಲ್ಲಗೆ ಕೇಳಿದಳು.

"ಯಾಕೆ ಸುಮ್ನಾದೆ?"

"ಏನು ಅತ್ತೆ?"

"ನಾಟ್ಕ ಆಡ್ಬೇಡ. ನೀನು ಸೋತ್ರೆ ಸುಮ್ನಿರೋಳಲ್ಲ. ಇನ್ನೊಂದ್ ಸತಿ ನೋಡು, ಸರ್ಯಾಗ್ ನೋಡು ಅಂತ ಜೀವ ತಿಂತಿದ್ದೆ. ಬೆಳಿಗ್ಗೆ ಚಂದ್ರನ್ನೇ ತತ್ತೀಯ ಅಂತ ನಂಗೊತ್ತಿತ್ತು. ನೀನು ಹುಡ್ಗಿಯಾಗಿದ್ದಾಗ್ಲಿಂದ ನಿನ್ನ ಅವ್ನ ಎಸ್ರಲ್ಲಿ ಆಡ್ಕೊಂಡಿದ್ದೀನಿ, ಅವ್ನ ಬುಟ್ಟು ಬ್ಯಾರೆಯೋನ ತತ್ತೀಯಾ? ಅದ್ಕೇ ಯೋಳ್ದೆ." ನನ್ನ ಕಡೆಗೆ ಬಗ್ಗಿ, "ಪಟದಲ್ಲಿ ಅವ್ನು ಇರ್ಲಿಲ್ವಾ?" ಅಂದಳು.

ಅವಳಿಗೆ ಸುಳ್ಳು ಹೇಳಲು ನನಗೆ ಆಗಲಿಲ್ಲ. "ಇರ್ಲಿಲ್ಲ ಅತ್ತೆ. ಬರೀ ಮೋಡ ಇತ್ತು. ನಾನೇ ಕನ್ನಡಕ ಇಲ್ದೆ ತಪ್ಪು ಪಟ ಕೊಟ್ಟೆ."

ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಟವರಿನ ಕಡೆಗೋ ಇನ್ನೆಲ್ಲಿಗೋ ನೋಡುತ್ತ ನಿಂತಳು. "ಇಲ್ದೆ ಇರೋದೂ ಕಾಣಕಿಲ್ವಲ್ಲೇ" ಅಂದಳು. ಆಮೇಲೆ, "ಮಂಜುಳಂಗೆ ಗೊತ್ತಾಯ್ತಾ?"

"ಇಲ್ಲ."

"ಸರಿ. ಬರೋ ವಾರ ಬಾ. ಕತ್ರಿ ಆಕ್ಲಿ. ರಾಜಂಗೆ ನಾನೇ ಯೋಳ್ತೀನಿ. ನೀನು ಗೆದ್ದೆ ಅಂತ ಊರ್ ತುಂಬ ಸಾರ್ಕೊಂಡ್ ಬರಬೇಡ."

ಮಂಡ್ಯದ ಆಸ್ಪತ್ರೆಯಲ್ಲಿ ಒಂದು ಕಣ್ಣಿಗೆ ಶ್ರಾವಣದಲ್ಲಿ, ಇನ್ನೊಂದಕ್ಕೆ ಭಾದ್ರಪದದಲ್ಲಿ ಆಪರೇಷನ್ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ನಮ್ಮ ಮನೆಯ ಹಜಾರದಲ್ಲಿ ಕೂತ ಅತ್ತೆ ಒಂದೊಂದಾಗಿ ಎಲ್ಲದರ ತಪ್ಪು ಹುಡುಕತೊಡಗಿದಳು. ನಮ್ಮ ಗೋಡೆಗೆ ಸುಣ್ಣ ಬಳಿದು ಎಷ್ಟು ವರ್ಷವಾಯಿತು, ಫ್ಯಾನಿನ ರೆಕ್ಕೆಯ ಮೇಲೆ ಎಷ್ಟು ದೂಳು, ನನ್ನ ತಲೆಯಲ್ಲಿ ಯಾವಾಗ ಇಷ್ಟು ನರೆ ಬಂತು. "ನಿಂಗೆ ಇಷ್ಟು ವಯಸ್ಸಾಯ್ತೇನೆ?" ಎಂದು ನಿಜವಾಗಿ ಗಾಬರಿಯಾಗಿ ಕೇಳಿದಳು. ಅಪಮಾನವಾದರೂ ಸಂತೋಷವಾಯಿತು.

ಆಮೇಲೆ, "ಆ ಪಟ ತತ್ತಾ" ಅಂದಳು. ಚಂದ್ರನಿರುವುದನ್ನು ತಂದೆ. "ಇದಲ್ಲ. ಆವತ್ತಿಂದು." ಬರೀ ಮೋಡದ ಚಿತ್ರ ತಂದುಕೊಟ್ಟೆ. ಅದನ್ನು ಮಡಿಲಲ್ಲಿಟ್ಟುಕೊಂಡು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ಕಾಳಿನಲ್ಲಿ ಕಲ್ಲು ಆರಿಸುವವಳ ಹಾಗೆ ಹುಡುಕಿದಳು.

"ಇಲ್ಲ ಕಣಮ್ಮಿ!" ಅಂದಳು, ಏನೋ ಕಳೆದದ್ದು ಸಿಕ್ಕವಳ ದನಿಯಲ್ಲಿ. "ಇದ್ರಲ್ಲಿ ಅವ್ನು ಇಲ್ವೇ ಇಲ್ಲ! ಮೋಡ ಎಂಗ್ ಬೆಳುಗ್ತಾ ಅದೆ ನೋಡು. ನಾನು ಏನಂದಿದ್ದೆ ಆವತ್ತು?"

"ಸಣ್ಣಗಾಗವ್ನೆ ಅಂದಿದ್ದೆ."

"ಉಗ್ರು ಅಂತಾನೂ ಅಂದಿದ್ನಾ?"

"ಅಂದಿದ್ದೆ."

ಅವಳು ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ಕಪ್ಪು ಕನ್ನಡಕ ಮೂಗಿನಿಂದ ಜಾರುವಷ್ಟು ನಕ್ಕಳು. ಕಣ್ಣಲ್ಲಿ ನೀರು ಬರಬಾರದು ಎಂದಿದ್ದಾರೆ ಎಂದು ನಾನು ಹೆದರಿ ಗದರಿದೆ, ಆಮೇಲೆ ನಾನೂ ನಕ್ಕೆ.

ಈ ದೀಪಾವಳಿಗೆ ಅತ್ತೆಗೆ ನಾನು ಒಂದು ಹಸಿರು ಸೀರೆ ಕೊಂಡುಹೋಗಿದ್ದೆ. ನರಕ ಚತುರ್ದಶಿಯ ಬೆಳಗಿನ ಜಾವ ಅವಳೇ ನನ್ನನ್ನು ಎಬ್ಬಿಸಿದಳು. ಅರವತ್ತೊಂದು ವರ್ಷದ ನಿವೃತ್ತ ಮೇಷ್ಟ್ರಮ್ಮನ ನೆತ್ತಿಗೆ ಎಣ್ಣೆ ತಟ್ಟಿ ಬಚ್ಚಲಿಗೆ ಅಟ್ಟಿದಳು. ಸೀಗೆಪುಡಿ ಈಗಲೂ ಅಷ್ಟೇ ಉರಿಯುತ್ತದೆ. ಸ್ನಾನ ಮುಗಿಸಿ, ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಮಾಳಿಗೆ ಹತ್ತಿದಾಗ ಅತ್ತೆ ಹೊಸ ಸೀರೆಯುಟ್ಟು ಆಗಲೇ ಅಲ್ಲಿ ನಿಂತಿದ್ದಳು. ಗೋಡೆ ಹಿಡಿದುಕೊಂಡಿರಲಿಲ್ಲ. ಮೇಲಿನ ಮೋಡ ಬೆಳಗುತ್ತಿತ್ತು. ಅದರ ಕೆಳಗೆ, ತೆಂಗಿನಮರವಿದ್ದ ಜಾಗದಲ್ಲಿ ಈಗಿರುವ ಟವರಿನ ಪಕ್ಕ, ಅವನಿದ್ದ.

"ಓಗೋ ಚಂದ್ರ" ಅಂದಳು ಅತ್ತೆ. "ಎಡುಕ್ಕೆ ಒರಗವ್ನೆ. ಟವರ್ ಬ್ಯಾರೆ, ಅವ್ನು ಬ್ಯಾರೆ. ಸರೀನಾ ಮೇಷ್ಟ್ರಮ್ಮ?"

"ಸರಿ."

ಅವಳು ಸೆರಗಿನ ತುದಿ ಹುಡುಕಿ, ಹೊಸ ಸೀರೆಯಿಂದ ಒಂದು ಎಳೆ ಎಳೆದಳು. ನನಗೆ ಆಶ್ಚರ್ಯವಾಯಿತು. "ಅತ್ತೆ, ಹೋಗೋನಿಗೆ ಕೊಡಬಾರದು ಅಂತ ನೀನೇ ಹೇಳಿದ್ದೆ! ಅದೊಂದಕ್ಕೆ ಐವತ್ತಮೂರು ವರ್ಷ ನನ್ನ ಜೀವ ತಿಂದಿದ್ದೀಯ!"

"ಇದು ಕೊಡದಲ್ಲ ಕಣೆ. ತಪ್ಪುಕಾಣ್ಕೆ. ಅವ್ನು ಇಲ್ದೇನೆ ಅವ್ನೆ ಅಂದ್ಬುಟ್ಟಿದ್ನಲ್ಲ ಆವತ್ತು" ಎಂದು ಎಳೆಯನ್ನು ಚಂದ್ರನ ಕಡೆ ಎಸೆದು ಕೈ ಮುಗಿದಳು.

ಬೆಳಗಿನ ಗಾಳಿ ಮೂಡಲಿಂದಲೇ ಬೀಸುತ್ತಿತ್ತು. ಎಳೆ ಒಂದು ಮಾರು ಹೋಗಿ, ತಿರುಗಿ, ನೇರವಾಗಿ ಬಂದು ನನ್ನ ಎದೆಯ ಮೇಲಿನ ಕ್ಯಾಮೆರಾದ ಪಟ್ಟಿಗೆ ಸುತ್ತಿಕೊಂಡಿತು. ಬಿಡಿಸಿ ಮತ್ತೆ ಎಸೆಯೋಣವೆಂದು ಕೈ ಹಾಕಿದೆ. ಅತ್ತೆ ನನ್ನ ಕೈ ಹಿಡಿದು ನಿಲ್ಲಿಸಿದಳು. ಬಗ್ಗಿ, ಆ ಮಬ್ಬು ಬೆಳಕಿನಲ್ಲೇ, ತನ್ನ ಹೊಸ ಕಣ್ಣುಗಳಿಂದ ಎಳೆಯನ್ನು ಹತ್ತಿರದಿಂದ ನೋಡಿದಳು.

"ಮುಟ್ಬೇಡ. ನಿಂದು ನಿಂಗೆ ವಾಪಸ್ ಕೊಟ್ಟವ್ನೆ" ಅಂದಳು. "ಕೆಂಪು ಎತ್ಕೊಂಡೋಗಿ ಹಸ್ರು ತಂದವ್ನೆ, ಆಗ್ಲಿ. ಇಷ್ಟು ವರ್ಸ ಗ್ಯಾಪಕ ಇಟ್ಕೊಂಡಿದ್ನಲ್ಲ, ಬಣ್ಣ ಯಾಕ್ ಕೇಳ್ತೀಯ?"